ಹೊಲಿಗೆಯವಳ ಸೇವಂತಿಗೆ

"ಗುರುಗಳೇ, ತಾಳ್ಮೆಗಿಂತ ದೊಡ್ಡ ಗುಣ ಇದೆಯೇ?" ಎಂದು ಶಿಷ್ಯ ಕೇಳಿದ.

"ಈ ಪ್ರಶ್ನೆ ಈಗ ಯಾಕೆ ಬಂತು?" ಎಂದರು ಗುರುಗಳು.

ಶಿಷ್ಯ ಹೇಳಿದ: "ನಿನ್ನೆ ನೀವು ಇಲ್ಲದಾಗ ಒಬ್ಬ ಕುಂಬಾರ ಬಂದಿದ್ದ. ಅವನು ಕೆರೆಯಿಂದ ಮಣ್ಣು ಹೊತ್ತು ತಂದು, ಕಲ್ಲು ಆರಿಸಿ, ತುಳಿದು ಹದ ಮಾಡಿಡುತ್ತಾನಂತೆ. ಪಕ್ಕದ ಮನೆಯಲ್ಲಿರುವ ಅಣ್ಣ ಬಂದು ಆ ಮಣ್ಣನ್ನು ಎತ್ತಿಕೊಂಡು ಹೋಗಿ ತನ್ನ ಮಡಕೆ ಮಾಡಿಕೊಳ್ಳುತ್ತಾನಂತೆ. ಕೇಳಿದರೆ, ಮಣ್ಣು ಕೆರೆಯದು, ನಿನ್ನದೇನು ಎನ್ನುತ್ತಾನಂತೆ. ಕುಂಬಾರ ನನ್ನ ಮುಂದೆ ಅತ್ತ. ನಾನು ಅವನಿಗೆ, ಮಣ್ಣು ಯಾರದೂ ಅಲ್ಲಪ್ಪ, ಸಹಿಸಿಕೋ, ಸಹಿಸಿದವನೇ ದೊಡ್ಡವನು ಎಂದೆ. ಅವನು ತಲೆ ತಗ್ಗಿಸಿಕೊಂಡು ಹೋದ. ನನಗೂ ಮನಸ್ಸು ತಣ್ಣಗಾಯಿತು. ನಾನು ಹೇಳಿದ್ದು ಸರಿಯಷ್ಟೆ?"

"ನಿನ್ನ ಮನಸ್ಸು ತಣ್ಣಗಾಯಿತು. ಅವನದು?"

ಶಿಷ್ಯ ಅದನ್ನು ಯೋಚಿಸಿರಲಿಲ್ಲ.

ಗುರುಗಳು ಸಿಡುಕಿನವರು ಎಂಬುದು ಊರಿಗೇ ಗೊತ್ತಿತ್ತು. "ಕೂತುಕೋ" ಎಂದರು. "ಒಂದು ಕತೆ ಹೇಳುತ್ತೇನೆ. ಇದನ್ನು ಶಾಂತವಾಗಿ ಹೇಳಲು ನನಗೆ ಬರುವುದಿಲ್ಲ. ಶಾಂತವಾಗಿ ಕೇಳಲು ನಿನಗೆ ಬಂದರೆ ಕೇಳು."

ಒಂದು ಊರು. ಅಲ್ಲಿ ಒಂದು ಓಣಿ. ಓಣಿಯಲ್ಲಿ ಹದಿಮೂರು ಮನೆ. ಕೊನೆಯ ಮನೆಯಲ್ಲಿ ಒಬ್ಬ ಹೊಲಿಗೆಯವಳಿದ್ದಳು. ಗಂಡ ದರ್ಜಿಯಾಗಿದ್ದ, ತೀರಿಕೊಂಡಿದ್ದ. ಅವನ ಹೊಲಿಗೆ ಯಂತ್ರ ಇತ್ತು, ಇವಳ ಕೈಯಲ್ಲಿ ಕಸುಬು ಇತ್ತು. ಯಾರ ಮುಂದೆಯೂ ಕೈಚಾಚದೆ ಬದುಕಿದಳು. ಒಬ್ಬಳೇ ಮಗಳನ್ನು ಪರವೂರಿಗೆ ಮದುವೆ ಮಾಡಿ ಕೊಟ್ಟಳು. ಮನೆಯ ಮುಂದೆ ಎರಡು ಮಂಚ ಹಿಡಿಸುವಷ್ಟು ಜಾಗ. ಅಲ್ಲಿ ಸೇವಂತಿಗೆ ಹಾಕಿದ್ದಳು.

ಸೇವಂತಿಗೆ ಬೆಳೆಸುವುದು ಎಂದರೆ ಏನೆಂದು ನಿನಗೆ ಗೊತ್ತೇ? ಗೊತ್ತಿರಲಾರದು. ಹೂವನ್ನು ಬುಟ್ಟಿಯಲ್ಲಿ ಮಾತ್ರ ನೋಡಿದವರಿಗೆ ಅದು ತಾನಾಗಿ ಬಂದಂತೆ ಕಾಣುತ್ತದೆ. ಹೂವಿನ ಕಾಲ ಮುಗಿದ ಮೇಲೆ ಗಿಡವನ್ನು ಬುಡದವರೆಗೆ ಕತ್ತರಿಸಬೇಕು. ಬುಡದ ಸುತ್ತ ಮರಿಗಳು ಏಳುತ್ತವೆ. ಬೇಸಿಗೆಯೆಲ್ಲ ಅವಕ್ಕೆ ನೆರಳು ಮಾಡಿ ಕಾಯಬೇಕು. ಮಳೆಗಾಲಕ್ಕೆ ಮೊದಲು ಬೇರು ಹರಿಯದ ಹಾಗೆ ಒಂದೊಂದನ್ನೇ ಬಿಡಿಸಿ ಬೇರೆ ಬೇರೆ ನೆಡಬೇಕು. ನೀರು ಹೆಚ್ಚಾದರೆ ಬುಡ ಕೊಳೆಯುತ್ತದೆ, ಕಡಿಮೆಯಾದರೆ ಎಲೆ ಜೋತುಬೀಳುತ್ತದೆ. ಗಿಡ ಗೇಣುದ್ದ ಆದಾಗ ಕುಡಿ ಚಿವುಟಬೇಕು. ಚಿವುಟಿದ ಕಡೆ ಎರಡು ಕವಲು ಒಡೆಯುತ್ತವೆ. ಅವನ್ನೂ ಚಿವುಟಬೇಕು. ಆಗಲೇ ಗಿಡ ತುಂಬಿಕೊಳ್ಳುವುದು. ಶ್ರಾವಣದವರೆಗೆ ಚಿವುಟಿ ಆಮೇಲೆ ಕೈ ತೆಗೆಯಬೇಕು. ಹಗಲು ಕಿರಿದಾಗುತ್ತ ಬಂದ ಹಾಗೆ ಮೊಗ್ಗು ಕಟ್ಟುತ್ತದೆ. ಹೇನು ಹತ್ತಿದರೆ ಬೂದಿ ಎರಚಬೇಕು. ಭಾರಕ್ಕೆ ಬಾಗಿದ ಕೊಂಬೆಗೆ ಕಡ್ಡಿ ನೆಟ್ಟು ಕಟ್ಟಬೇಕು. ಅವಳು ರವಿಕೆ ಹೊಲಿದು ಉಳಿದ ಬಟ್ಟೆಯ ಚೂರುಗಳಿಂದ ಕಟ್ಟುತ್ತಿದ್ದಳು. ಹೀಗೆ ಹತ್ತು ತಿಂಗಳು ಮೈ ಬಗ್ಗಿಸಿದರೆ ಎರಡು ತಿಂಗಳು ಹೂವು.

ಅದೇ ಓಣಿಯ ಮೊದಲ ಮನೆಯಲ್ಲಿ ಒಬ್ಬ ಶಿರಸ್ತೇದಾರನಿದ್ದ. ಕೆಲಸದಿಂದ ನಿವೃತ್ತನಾಗಿದ್ದ. ಅವನ ಮನೆಯ ಮುಂದೆ ಅವಳ ಜಾಗದ ನಾಲ್ಕರಷ್ಟು ಜಾಗ ಇತ್ತು. ಗಿಡ ಹಾಕಿದರೆ ಹುಳ ಬರುತ್ತದೆ ಎಂದು ಚಪ್ಪಡಿ ಹಾಸಿಸಿದ್ದ. ದಿನವೂ ಎರಡು ಗಂಟೆ ಪೂಜೆ ಮಾಡುತ್ತಿದ್ದ. ಪೂಜೆಗೆ ಹೂವು ಬೇಕಲ್ಲ? ಬೆಳಕು ಹರಿಯುವ ಮೊದಲೇ ಎದ್ದು, ಸ್ನಾನ ಮಾಡಿ, ಮಡಿ ಉಟ್ಟು, ಬುಟ್ಟಿ ಹಿಡಿದು ಓಣಿಯ ಕೊನೆಗೆ ನಡೆಯುತ್ತಿದ್ದ. ಬೇಲಿಯಾಚೆಯಿಂದ ಕೈಗೆ ಸಿಕ್ಕಿದ್ದನ್ನು ಕೈಯಲ್ಲಿ ಕೀಳುತ್ತಿದ್ದ. ಸಿಗದ್ದಕ್ಕೆ ಕೊಕ್ಕೆ ಕಟ್ಟಿದ ಒಂದು ಕೋಲು ಇತ್ತು. ಕೊಕ್ಕೆಗೆ ಅರಳಿದ್ದು ಯಾವುದು, ಮೊಗ್ಗು ಯಾವುದು ಗೊತ್ತಾಗುತ್ತದೆಯೇ? ಕೊಂಬೆ ಸಮೇತ ಬರುತ್ತಿತ್ತು.

ಪೂಜೆಗೆ ಕಿತ್ತ ಹೂವು ಕಳವಲ್ಲ ಎಂದು ಆ ಓಣಿಯಲ್ಲಿ ಒಂದು ಮಾತಿತ್ತು. ಯಾರು ಹೇಳಿದ ಮಾತು ಎಂದು ಕೇಳಬೇಡ. ಕೀಳುವವರು ಹೇಳಿದ್ದು.

ಪೂಜೆ ಮುಗಿದ ಮೇಲೆ ಅವನು ತಟ್ಟೆ ಹಿಡಿದು ಮನೆಮನೆಗೆ ಪ್ರಸಾದ ಹಂಚುತ್ತಿದ್ದ. ನಡುವಿನ ಹನ್ನೊಂದು ಮನೆಗಳ ಹೆಂಗಸರಿಗೂ ಒಂದೊಂದು ಸೇವಂತಿಗೆ. ಅವರು ಕಣ್ಣಿಗೆ ಒತ್ತಿಕೊಂಡು ಮುಡಿಯುತ್ತಿದ್ದರು. ಕೊನೆಯ ಮನೆಗೂ ಹೋಗುತ್ತಿದ್ದ. ಅಲ್ಲಿ ಒಂದು ಉದ್ಧರಣೆ ತೀರ್ಥ ಮಾತ್ರ. "ನಿನಗೆ ಹೂ ಕೊಡೋ ಹಾಗಿಲ್ಲವಲ್ಲಮ್ಮ" ಎನ್ನುತ್ತಿದ್ದ. ಗಂಡ ಸತ್ತವಳು ಹೂ ಮುಡಿಯಬಾರದಂತೆ.

ಕೇಳಿಸಿಕೊಂಡೆಯಾ? ನೆಟ್ಟವಳು ಅವಳು, ನೀರು ಹಾಕಿದವಳು ಅವಳು. ಓಣಿಯ ತಲೆತಲೆಯ ಮೇಲೂ ಅವಳ ಹೂವು. ಅವಳೊಬ್ಬಳ ಕೈಗೆ ಮಾತ್ರ ಇಲ್ಲ. ಕಿತ್ತವನು ಅದನ್ನು ನಗುನಗುತ್ತ ಹೇಳಿ ಹೋಗುತ್ತಿದ್ದ. ಹೇಳುವಾಗ ನನ್ನ ಮೈ ಈಗಲೂ ಉರಿಯುತ್ತದೆ.

ಅವಳಿಗೆ ತಾಳ್ಮೆ ಇರಲಿಲ್ಲ ಎಂದು ಮಾತ್ರ ಹೇಳಬೇಡ. ಐದು ವರ್ಷ ಬಾಯಿ ಬಿಡಲಿಲ್ಲ.

ಆರನೆಯ ವರ್ಷ ಮಗಳು ಬಸುರಿಯಾದಳು. ಚೊಚ್ಚಲು. ಕಾರ್ತಿಕದಲ್ಲಿ ಏಳು ತಿಂಗಳು ತುಂಬುತ್ತಿತ್ತು. ತವರಿನಲ್ಲಿ ಹೂ ಮುಡಿಸುವ ಶಾಸ್ತ್ರ ಮಾಡಬೇಕು. ಮುತ್ತೈದೆಯರು ಬಂದು ಬಸುರಿಯ ಜಡೆಯ ತುಂಬ ಹೂ ಮುಡಿಸುತ್ತಾರೆ. ತಾಯಿ ಮುಡಿಸುವ ಹಾಗಿಲ್ಲ, ಏಕೆಂದರೆ ತಾಯಿ ವಿಧವೆ. ಹೆತ್ತವಳು ಬಾಗಿಲ ಹಿಂದೆ ನಿಂತು ನೋಡಬೇಕು. ಇದನ್ನು ಅವಳು ಬದಲಾಯಿಸಲಾರಳು. ಅವಳು ಇಷ್ಟೇ ಅಂದುಕೊಂಡಳು: ನನ್ನ ಕೈ ಮುಟ್ಟಬಾರದು ಅಂದರೆ ಬೇಡ. ನಾನು ಬೆಳೆಸಿದ ಹೂವಾದರೂ ಮಗಳ ತಲೆ ಮುಟ್ಟಲಿ.

ಆ ವರ್ಷ ಅವಳು ಗಿಡಗಳನ್ನು ನೋಡಿಕೊಂಡ ಹಾಗೆ ಯಾವ ವರ್ಷವೂ ನೋಡಿಕೊಂಡಿರಲಿಲ್ಲ. ಒಂದು ಎಲೆ ಹಳದಿಯಾದರೆ ಹೊಲಿಗೆ ಬಿಟ್ಟು ಎದ್ದು ಬರುತ್ತಿದ್ದಳು. ಮೊಗ್ಗು ಬಂದ ಮೇಲೆ ಶಿರಸ್ತೇದಾರನ ಮನೆಗೆ ತಾನೇ ಹೋದಳು. "ಸ್ವಾಮಿ, ಬರೋ ಶುಕ್ರವಾರ ಮಗಳಿಗೆ ಹೂ ಮುಡಿಸ್ತೀವಿ. ಅಲ್ಲೀವರೆಗೆ ಗಿಡ ಮುಟ್ಟಬೇಡಿ. ಆಮೇಲೆ ನಿಮ್ಮಿಷ್ಟ" ಎಂದು ಕೈ ಮುಗಿದು ಹೇಳಿದಳು. ತನ್ನ ಗಿಡ ಮುಟ್ಟಬೇಡಿ ಎಂದು ಹೇಳಲು ಅವಳು ಕೈ ಮುಗಿಯಬೇಕಾಯಿತು! ಅವನು ಆಗಲಿ ಎಂದು ತಲೆ ಆಡಿಸಿದ.

ಶುಕ್ರವಾರ ಬೆಳಗಾಯಿತು. ಅವಳು ಬುಟ್ಟಿ ಹಿಡಿದು ಹೊರಗೆ ಬಂದಳು. ಗಿಡಗಳಲ್ಲಿ ಎಲೆ ಇತ್ತು, ಹೂವು ಇರಲಿಲ್ಲ. ಅರೆಬಿರಿದ ಮೊಗ್ಗು ಕೂಡ ಇರಲಿಲ್ಲ. ನಾಲ್ಕು ಗಿಡ ಬುಡ ಸಡಿಲವಾಗಿ ವಾಲಿದ್ದವು.

ಅವಳು ಓಣಿಯ ಉದ್ದಕ್ಕೂ ಓಡಿದಳು. ಶಿರಸ್ತೇದಾರ ಪೂಜೆಗೆ ಕೂತಿದ್ದ. ಕಾರ್ತಿಕ ಶುಕ್ರವಾರ, ವಿಶೇಷ ಅರ್ಚನೆ. ಅವಳ ಹೂವೆಲ್ಲ ದೇವರ ಮುಂದೆ ರಾಶಿಯಾಗಿತ್ತು. ಅವಳು ಬಾಗಿಲಲ್ಲೇ ನಿಂತು ಕೇಳಿದಳು. ಅವನು ಏಳಲಿಲ್ಲ.

"ದೇವರ ಪಾದಕ್ಕೆ ಬಿದ್ದಿದ್ದನ್ನ ವಾಪಸು ಕೇಳ್ತೀಯಲ್ಲಮ್ಮ, ಬುದ್ಧಿ ಇದೆಯಾ? ಇರಲಿ. ಪ್ರಸಾದ ಅಂತ ನಾಲ್ಕು ಕೊಡ್ತೀನಿ, ಮಗಳಿಗೆ ಮುಡಿಸು. ಅವಳ ಪುಣ್ಯ" ಎಂದ.

ಅವನ ಸೊಸೆ ತಟ್ಟೆಯಲ್ಲಿ ನಾಲ್ಕು ಹೂವು ತಂದು ಕೊಟ್ಟಳು. ಹೊಲಿಗೆಯವಳು ಅದನ್ನು ಅವನ ಚಪ್ಪಡಿಯ ಮೇಲೆ ಎಸೆದು ಬರಬೇಕಿತ್ತು. ಎಸೆಯಲಿಲ್ಲ. ಶಾಸ್ತ್ರಕ್ಕೆ ಹೊತ್ತಾಗುತ್ತಿತ್ತು, ಬೇರೆ ಹೂವು ಇರಲಿಲ್ಲ. ತನ್ನದೇ ಹೂವನ್ನು ಭಿಕ್ಷೆಯ ಹಾಗೆ ಸೆರಗಿನಲ್ಲಿ ಹಾಕಿಸಿಕೊಂಡು ಬಂದಳು. ಮಗಳು, "ಅಂಗಳ ತುಂಬ ಇದ್ವಲ್ಲಮ್ಮ?" ಎಂದು ಕೇಳಿದಳು. ತಾಯಿ ಒಳಗೆ ಹೋಗಿ ಅತ್ತಳು.

ಮಾರನೆಯ ದಿನ ಅವಳು ನಡುವಿನ ಹನ್ನೊಂದು ಮನೆಗಳಿಗೂ ಹೋದಳು. ಆದದ್ದನ್ನು ಹೇಳಿದಳು. ನೀವೆಲ್ಲ ಬಂದು ಅವರಿಗೆ ಒಂದು ಮಾತು ಹೇಳಿ ಎಂದು ಕೇಳಿದಳು. ಅಷ್ಟೇ ಕೇಳಿದ್ದು. ಹೊಡೆಯಿರಿ ಎನ್ನಲಿಲ್ಲ, ಬಹಿಷ್ಕಾರ ಹಾಕಿ ಎನ್ನಲಿಲ್ಲ.

ಒಂದು ಮನೆಯವರು ದೊಡ್ಡವರನ್ನು ಎದುರು ಹಾಕಿಕೊಳ್ಳಬಾರದು ಎಂದರು. ಒಂದು ಮನೆಯವರು ಹೂವು ಬಾಡಿ ಹೋಗುವುದಕ್ಕಿಂತ ದೇವರಿಗೆ ಹೋಗಿದ್ದು ಒಳ್ಳೆಯದೇ ಆಯಿತು ಎಂದರು. ಒಬ್ಬಳು ಅವಳ ಮಾತು ಮುಗಿಯುವವರೆಗೂ ಕೇಳಿ, ಪಾಪ ಎಂದು, ಒಲೆಯ ಮೇಲೆ ಹಾಲಿದೆ ಎಂದು ಒಳಗೆ ಹೋದಳು. ನಡುಮನೆಯ ಜವಳಿ ವರ್ತಕನ ಹೆಂಡತಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬೆನ್ನು ಸವರಿ, "ಹೊಟ್ಟೆಗೆ ಹಾಕ್ಕೋಮ್ಮ. ದೇವರಿಗೆ ತಾನೆ ಹೋಗಿದ್ದು? ತಾಳ್ಮೆ ಇರ್ಬೇಕು" ಎಂದಳು. ಆಗ ಅವಳ ಮುಡಿಯಲ್ಲಿ ನಿನ್ನೆಯ ಸೇವಂತಿಗೆ ಇನ್ನೂ ಇತ್ತು.

ಹೊಲಿಗೆಯವಳು ಎದ್ದು ಬಂದಳು.

ಮುಂದಿನ ವರ್ಷವೂ ಅವಳು ಗಿಡ ಹಾಕಿದಳು. ಗೊಬ್ಬರ ಕೊಟ್ಟಳು, ನೀರು ಹಾಕಿದಳು, ಕುಡಿ ಚಿವುಟಿದಳು. ಶ್ರಾವಣ ಕಳೆಯಿತು. ಕೈ ತೆಗೆಯಬೇಕಾದ ಕಾಲದಲ್ಲಿ ಅವಳು ಕೈ ತೆಗೆಯಲಿಲ್ಲ. ಭಾದ್ರಪದದಲ್ಲೂ ಚಿವುಟಿದಳು. ಆಶ್ವೀಜದಲ್ಲೂ ಚಿವುಟಿದಳು. ಮೊಗ್ಗು ಕಂಡರೆ ಮೊಗ್ಗನ್ನೇ ಚಿವುಟಿ ಮಣ್ಣಿಗೆ ಹಾಕಿದಳು. ಗಿಡಗಳು ಹಸುರಾಗಿ, ದುಂಡಗೆ, ಸೊಂಪಾಗಿ ಬೆಳೆದವು. ಕಾರ್ತಿಕ ಬಂತು. ಒಂದು ಹೂವಿಲ್ಲ.

ಇಲ್ಲಿ ಶಿಷ್ಯ ತಡೆದ. "ಗುರುಗಳೇ, ಇದು ಕೋಪವಲ್ಲವೇ? ದೇವರಿಗೂ ಇಲ್ಲ, ತನಗೂ ಇಲ್ಲ ಎಂದು ಮಾಡಿಕೊಂಡಳಲ್ಲ?"

"ಕೋಪವೇ" ಎಂದರು ಗುರುಗಳು. "ಅಪ್ಪಟ ಕೋಪ. ಅವಳ ಕೋಪ ನಿನ್ನ ಕಣ್ಣಿಗೆ ಬಿತ್ತು. ಆರು ವರ್ಷದ ಕಳವು ಕತೆಯಲ್ಲಿ ನಡೆಯುತ್ತಿದ್ದಾಗ ನೀನು ಒಮ್ಮೆಯೂ ತಡೆಯಲಿಲ್ಲ. ಆ ಓಣಿಯವರೂ ನಿನ್ನ ಹಾಗೆಯೇ. ಅವಳು ಅತ್ತಾಗ ಯಾರಿಗೂ ಕಿವಿ ಕೇಳಿಸಲಿಲ್ಲ. ಪ್ರಸಾದದ ಹೂವು ನಿಂತ ಮೇಲೆ ಎಲ್ಲರಿಗೂ ಧರ್ಮ ನೆನಪಾಯಿತು. ಕೇಳು."

ಶಿರಸ್ತೇದಾರ ಪಂಚಾಯಿತಿ ಸೇರಿಸಿದ. ದೂರು ಕೊಟ್ಟವನು ಅವನು! ಈ ಹೆಂಗಸು ದೇವರಿಗೆ ಹೂವಿಲ್ಲದ ಹಾಗೆ ಮಾಡಿದ್ದಾಳೆ, ಬೇಕೆಂದೇ ಮೊಗ್ಗು ಚಿವುಟಿದ್ದಾಳೆ, ಇವಳ ಹೊಟ್ಟೆಕಿಚ್ಚಿನಿಂದ ಓಣಿಗೇ ಕೇಡು ಎಂದ. ಅವನಿಗೆ ಹಾಗೆ ಹೇಳಲು ನಾಚಿಕೆಯಾಗಲಿಲ್ಲ. ಕೂತವರಿಗೆ ಕೇಳಲು ನಾಚಿಕೆಯಾಗಲಿಲ್ಲ. ಹನ್ನೊಂದು ಮನೆಯವರೂ ಹೌದು ಹೌದು ಎಂದರು.

ಪಂಚಾಯಿತಿಗೆ ಜವಳಿ ವರ್ತಕನೇ ಹಿರಿಯ. ಅವನು ನ್ಯಾಯ ಹೇಳಿದ. "ಇಬ್ಬರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಡಿ. ನೀನು ಚಿವುಟೋದು ನಿಲ್ಲಿಸಮ್ಮ. ಅವರು ಅರ್ಧ ಹೂವು ಮಾತ್ರ ಕಿತ್ತುಕೊಳ್ಳಲಿ. ರಾಜಿ ಆಗಿಬಿಡಿ."

ಹೊಲಿಗೆಯವಳು ಕೇಳಿದಳು: "ಅವರು ಬಿಟ್ಟುಕೊಡೋ ಅರ್ಧ ಯಾರದು ಯಜಮಾನ್ರೆ?"

ಉತ್ತರ ಇಲ್ಲದಾಗ ಜನ ಏನು ಮಾಡುತ್ತಾರೆ? ಬಾಯಿ ಜೋರು ಎಂದರು. ಗಂಡ ಇಲ್ಲದವಳಿಗೆ ಇಷ್ಟು ಮಾತು ಯಾಕೆ ಎಂದರು. ಎದ್ದು ಊಟಕ್ಕೆ ಹೋದರು.

ಆ ಬೇಸಿಗೆ ಕಳೆದು, ಮರಿಗಳನ್ನು ಬಿಡಿಸುವ ಕಾಲ ಬಂತು. ಹೊಲಿಗೆಯವಳು ಇದ್ದಬದ್ದ ಬುಡಗಳನ್ನೆಲ್ಲ ಅಗೆದಳು. ಒಂದೊಂದು ಮರಿಯನ್ನೂ ಬೇರು ಹರಿಯದ ಹಾಗೆ ಬಿಡಿಸಿದಳು. ಹನ್ನೊಂದು ಮನೆಗೂ ಹೊತ್ತುಕೊಂಡು ಹೋಗಿ ಹಂಚಿದಳು. "ದೇವರಿಗೆ ಹೂವು ಬೇಕು ಅಂದ್ರಲ್ಲ, ನೀವೂ ಬೆಳೆಸಿ" ಎಂದಳು. ಹೇಗೆ ನೆಡಬೇಕು, ಎಷ್ಟು ನೀರು, ಯಾವಾಗ ಚಿವುಟಬೇಕು, ಯಾವಾಗ ನಿಲ್ಲಿಸಬೇಕು, ಎಲ್ಲ ಹೇಳಿಕೊಟ್ಟಳು. ಓಣಿಗೆ ಸಂತೋಷವಾಯಿತು. ಅಂತೂ ಇವಳಿಗೆ ಬುದ್ಧಿ ಬಂತು ಎಂದರು. ತನ್ನ ಅಂಗಳದಲ್ಲಿ ಅವಳು ಆ ವರ್ಷ ಒಂದು ಮರಿಯನ್ನೂ ನೆಡಲಿಲ್ಲ. ಬರಿಯ ಮಣ್ಣು ಕೆದಕಿ ಬಿಟ್ಟಳು.

ಆಷಾಢ ಹೋಯಿತು, ಶ್ರಾವಣ ಹೋಯಿತು. ಹನ್ನೊಂದು ಮನೆಗಳ ಹೆಂಗಸರೂ ಬೆಳಗ್ಗೆ ಎದ್ದರೆ ಗಿಡದ ಹತ್ತಿರ. ಹೇನು ಹತ್ತಿದರೆ ಅವಳ ಮನೆಗೆ ಓಡಿ ಬರುತ್ತಿದ್ದರು. ಮಳೆಗೆ ಕೊಂಬೆ ಬಾಗಿದರೆ ಕಡ್ಡಿ ಹುಡುಕುತ್ತಿದ್ದರು. ನಿಮ್ಮ ಗಿಡಕ್ಕೆ ಎಷ್ಟು ಮೊಗ್ಗು, ನಮ್ಮದಕ್ಕೆ ಎಷ್ಟು ಎಂದು ಬೇಲಿಯ ಮೇಲೆ ಮಾತು. ವರ್ತಕನ ಹೆಂಡತಿ, ಮೊದಲ ಹೂವು ತನ್ನ ಮೊಮ್ಮಗಳ ಮುಡಿಗೆ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದಳು.

ಹೂವು ಬಿಟ್ಟವು. ಶಿರಸ್ತೇದಾರ ಬುಟ್ಟಿ ಹಿಡಿದು ಹೊರಟ. ಕೊನೆಯ ಮನೆಯ ಅಂಗಳ ಬರಿದಾಗಿತ್ತು. ಅವನಿಗೆ ಅದರಿಂದ ಏನು? ಅಷ್ಟು ದೂರ ನಡೆಯುವುದು ತಪ್ಪಿತು. ದೇವರ ಹೂವು ಯಾರ ಅಂಗಳದಲ್ಲಿದ್ದರೂ ದೇವರ ಹೂವೇ. ಜವಳಿ ವರ್ತಕನ ಬೇಲಿಗೆ ಕೊಕ್ಕೆ ಹಾಕಿದ.

ವರ್ತಕನ ಹೆಂಡತಿ ಪೊರಕೆ ಹಿಡಿದು ಓಡಿ ಬಂದಳು. "ಯಾರ್ರೀ ಅದು, ಹೇಳೋರು ಕೇಳೋರು ಇಲ್ವಾ? ಐದು ತಿಂಗಳು ಮಗು ಥರ ಸಾಕಿದ್ದೀನಿ!" ಎಂದು ಕೂಗಿದಳು. ದೇವರಿಗಮ್ಮ ಎಂದ ಅವನು. "ನಿಮ್ಮ ದೇವರಿಗೆ ನಿಮ್ಮ ಮನೇಲಿ ಬೆಳ್ಕೊಳ್ಳಿ!" ಎಂದಳು ಅವಳು.

ಅವನು ಮರುದಿನ ಪಕ್ಕದ ಮನೆಗೆ ಹೋದ. ಅಲ್ಲಿಯೂ ರಂಪ. ಅದರ ಮರುದಿನ ಇನ್ನೊಂದು ಮನೆ. ಅಲ್ಲಿ ಅವನ ಕೋಲನ್ನೇ ಕಿತ್ತುಕೊಂಡು ಮುರಿದರು. ಎಂಟನೆಯ ದಿನಕ್ಕೆ ಪಂಚಾಯಿತಿ ಸೇರಿತು. ಅದೇ ಜನ, ಅದೇ ಕಟ್ಟೆ, ಅದೇ ಹಿರಿಯ. ಈ ಸಲ ರಾಜಿಯ ಮಾತಿಲ್ಲ. ಇನ್ನೊಬ್ಬರ ಅಂಗಳದ ಹೂವು ಕೇಳದೆ ಕಿತ್ತರೆ ಅದು ಕಳವು, ದೇವರಿಗೆ ಕಿತ್ತರೂ ಕಳವು ಎಂದು ಒಂದೇ ಉಸಿರಿಗೆ ತೀರ್ಮಾನವಾಯಿತು. ಶಿರಸ್ತೇದಾರ ಎಲ್ಲರ ಎದುರಿಗೆ ತಪ್ಪು ಒಪ್ಪಿಕೊಂಡ. ತನ್ನ ಚಪ್ಪಡಿ ಕೀಳಿಸಿದ.

ಅವಳು ಆರು ವರ್ಷ ಕಾದಳು. ಇವರು ಎಂಟು ದಿನ ತಾಳಲಿಲ್ಲ.

ಗುರುಗಳು ನಿಲ್ಲಿಸಿದರು. ಶಿಷ್ಯನ ಮುಖ ಅರಳಿತ್ತು.

"ಅಂತೂ ಕೊನೆಗೆ ನ್ಯಾಯ ಸಿಕ್ಕಿತು" ಎಂದ.

"ಯಾರಿಗೆ?" ಎಂದರು ಗುರುಗಳು. "ಪಂಚಾಯಿತಿ ಮುಗಿದ ಮೇಲೆ ಆ ಹನ್ನೊಂದು ಮನೆಯಲ್ಲಿ ಒಬ್ಬರಾದರೂ ಅವಳ ಬಾಗಿಲಿಗೆ ಹೋದರೇ? ನಿನಗೆ ಅನ್ಯಾಯವಾದಾಗ ನಾವು ಸುಮ್ಮನಿದ್ದೆವು, ತಪ್ಪಾಯಿತು ಎಂದು ಒಂದು ಬಾಯಿ ಹೇಳಿತೇ? ಇಲ್ಲ. ಅವರು ಕಾಪಾಡಿಕೊಂಡದ್ದು ಅವರವರ ಹೂವು. ಕೊಟ್ಟವಳು ಅವಳೆಂಬುದೂ ಮರೆತುಹೋಗಿತ್ತು. ಮುಂದಿನ ವರ್ಷ ಅವಳು ಮತ್ತೆ ಗಿಡ ಹಾಕಿಕೊಂಡಳು, ಹೂವು ಬಂತು, ಯಾರೂ ಮುಟ್ಟಲಿಲ್ಲ. ಅಷ್ಟು ಹೊತ್ತಿಗೆ ಮೊಮ್ಮಗು ಓಡಿಯಾಡುತ್ತಿತ್ತು. ಚೊಚ್ಚಲ ಬಸುರಿಗೆ ಹೂ ಮುಡಿಸುವುದು ಒಂದೇ ಸಲ. ಆ ದಿನವನ್ನು ಅವಳಿಗೆ ಯಾವ ಪಂಚಾಯಿತಿ ತಂದುಕೊಟ್ಟಿತು?"

ಶಿಷ್ಯ ತಲೆ ತಗ್ಗಿಸಿದ. "ಆ ಶಿರಸ್ತೇದಾರ ಮಹಾಪಾಪಿ" ಎಂದ.

"ಅವನ ಮಾತು ಬಿಡು. ಅವನಿಗೆ ಹೂವಿನ ಆಸೆ, ಕಿತ್ತ. ಹೂ ಕಿತ್ತವನು ಒಬ್ಬ. ತಾಳ್ಮೆಯ ಮಾತಾಡಿ ಅವಳ ಬಾಯಿ ಮುಚ್ಚಿಸಿ, ತಮ್ಮ ಮನಸ್ಸು ತಣ್ಣಗೆ ಮಾಡಿಕೊಂಡವರು ಹನ್ನೊಂದು ಮನೆ. ನನ್ನ ಸಿಟ್ಟೆಲ್ಲ ಆ ಮನೆಗಳ ಮೇಲೆ."

ಶಿಷ್ಯ ತಲೆ ಎತ್ತಿದ. ಗುರುಗಳು ಅವನನ್ನೇ ನೋಡುತ್ತಿದ್ದರು.

"ಆ ಓಣಿಯಲ್ಲಿ ನಿನ್ನ ಮನೆ ಯಾವುದಪ್ಪ?"